ಕೋಟಿನ ಕಿಸೆಯಲ್ಲಿ ಸಕ್ಕರೆ

ಕಾಫಿ ಶಾಪಿನ ಮೇಜಿನ ಮೇಲಿಟ್ಟ ಸಕ್ಕರೆ ಪೊಟ್ಟಣಗಳನ್ನು ಕಿಸೆಗೆ ಹಾಕಿಕೊಂಡು ಬರುವವನು ಕಳ್ಳನೇ? ಅಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗೆ ತರುತ್ತಿದ್ದವನು ನಾನೇ ಆದ್ದರಿಂದ ಈ ಪ್ರಶ್ನೆಯನ್ನು ಎಲ್ಲರಿಗಿಂತ ಹೆಚ್ಚು ಆಳವಾಗಿ ಯೋಚಿಸಿದ್ದೇನೆ. ನನ್ನ ತೀರ್ಪಿನಲ್ಲಿ ಪಕ್ಷಪಾತ ಏನೂ ಇಲ್ಲವೆಂದು ಓದುಗರು ದಯವಿಟ್ಟು ನಂಬಬೇಕು.

ತೊಂಬತ್ತರ ದಶಕದಲ್ಲಿ ನಾನು ಮೈಸೂರು ಬಿಟ್ಟು ಕತಾರಿನ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದೆ. ಮುಐದರ್ ಎಂಬ ಬಡಾವಣೆಯಲ್ಲಿ ಒಂದು ವಿಲ್ಲಾದ ಹಿಂಭಾಗದ ಎರಡು ಕೋಣೆ ನಮ್ಮ ಮನೆ. ಅಲ್ಲಿ ವಾರದ ರಜೆ ಶುಕ್ರವಾರ, ಹಾಗಾಗಿ ಗುರುವಾರ ಸಂಜೆಯಾದರೆ ನಾನು ಕೋಟು ಹಾಕಿಕೊಂಡು, ಹೆಂಡತಿ ಸುಮ ರೇಷ್ಮೆ ಸೀರೆ ಉಟ್ಟುಕೊಂಡು, ಪಕ್ಕದ ಮನೆಯ ಪ್ರಭಾಕರನ ಕಾರಿನಲ್ಲಿ ಸಮುದ್ರದಂಡೆಯ ವೆಸ್ಟ್ ಬೇಯ ಒಂದು ಹೋಟೆಲಿನ ಕಾಫಿ ಶಾಪಿಗೆ ಹೋಗುವುದು ವಾಡಿಕೆ. ಕಾಫಿ ಏನೂ ಅಂಥ ಚೆನ್ನಾಗಿರಲಿಲ್ಲ. ನಾನು ಹೋಗುತ್ತಿದ್ದದ್ದು ಹಮೀದನಿಗಾಗಿ. ಉಪ್ಪಿನಂಗಡಿ ಕಡೆಯ ಈ ವೇಟರ್ ನನ್ನನ್ನು ಕಂಡೊಡನೆ ಕಿಟಕಿ ಪಕ್ಕದ ಮೇಜಿನ ಕುರ್ಚಿ ಎಳೆದುಕೊಟ್ಟು, "ಬನ್ನಿ ದೊಡ್ಡ ಸಾರ್" ಎನ್ನುತ್ತಿದ್ದ. ಜೊತೆಯ ವೇಟರುಗಳಿಗೆ, "ಇವರು ನಮ್ಮ ಕಡೆಯ ಭಾರೀ ದೊಡ್ಡ ಆಫೀಸರು" ಎಂದು ಪರಿಚಯಿಸುತ್ತಿದ್ದ. ವಾರವಿಡೀ ಆಫೀಸಿನಲ್ಲಿ "ಯಲ್ಲಾ, ಯಲ್ಲಾ" ಎಂದು ಓಡಿಸಿಕೊಳ್ಳುತ್ತಿದ್ದ ನನಗೆ ಇಡೀ ಕತಾರಿನಲ್ಲಿ ಮರ್ಯಾದೆ ಸಿಗುತ್ತಿದ್ದದ್ದು ಆ ಒಂದು ಕುರ್ಚಿಯಲ್ಲಿ ಮಾತ್ರ.

ಅದೇ ಕುರ್ಚಿಯಲ್ಲಿ ಕುಳಿತು ನಾನು ಸಕ್ಕರೆಯ ತತ್ತ್ವಶಾಸ್ತ್ರವನ್ನು ರೂಪಿಸಿದೆ. ಡಾಕ್ಟರು ಹೇಳಿದ ಮೇಲೆ ನಾನು ಕಾಫಿಗೆ ಸಕ್ಕರೆ ಹಾಕುತ್ತಿರಲಿಲ್ಲ. ಆದರೆ ಹೋಟೆಲಿನವರು ಸಕ್ಕರೆ ಹಾಕುವವರಿಂದಲೂ ಹಾಕದವರಿಂದಲೂ ಒಂದೇ ರೇಟು ತೆಗೆದುಕೊಳ್ಳುತ್ತಾರೆ. ಅಂದಮೇಲೆ ನನ್ನ ಪಾಲಿನ ಎರಡು ಪೊಟ್ಟಣ ನ್ಯಾಯವಾಗಿ ನನ್ನದೇ. ನಾಲಗೆಗೆ ನಿಷೇಧವಿದೆಯೇ ಹೊರತು ಕಿಸೆಗೆ ಇಲ್ಲ. ಸ್ವಲ್ಪ ದಿನಕ್ಕೆ, ಡಾಕ್ಟರ ಹತ್ತಿರ ಹೋಗುವ ಮುಂಚೆ ನಾನು ಮೂರು ಹಾಕುತ್ತಿದ್ದೆ ಎಂಬುದು ನೆನಪಾಯಿತು. ಆಮೇಲೆ ಸುಮಳ ಪಾಲು ಸೇರಿತು. ಉಪ್ಪು, ಕಾಳುಮೆಣಸಿನ ಪುಡಿ, ಹಲ್ಲುಕಡ್ಡಿ, ಕೈ ಒರೆಸುವ ಒದ್ದೆ ಕಾಗದ ಇವೂ ಒಂದೊಂದಾಗಿ ಧರ್ಮದ ವ್ಯಾಪ್ತಿಗೆ ಬಂದವು. "ರೀ, ಸಾಕು ಬಿಡ್ರಿ, ಕೋಟು ಒಂದು ಕಡೆ ಜೋತು ಬಿದ್ದಿದೆ" ಎಂದು ಸುಮ ಪಿಸುಗುಡುತ್ತಿದ್ದಳು. ಸರಿ ಎಂದು ಉಳಿದದ್ದನ್ನು ಇನ್ನೊಂದು ಕಿಸೆಗೆ ಹಾಕಿ ಸಮ ಮಾಡುತ್ತಿದ್ದೆ.

ಹಾಗೆಂದು ನಾನು ಮಿತಿ ಮೀರಿದವನಲ್ಲ. ಪ್ರಭಾಕರ ಒಮ್ಮೆ ಅಲ್ಲಿಂದ ಗಾಜಿನ ಆಶ್‌ಟ್ರೇ ಎತ್ತಿಕೊಂಡು ಬಂದಾಗ ಅವನನ್ನು ಮನೆಗೆ ಕರೆದು ಅರ್ಧ ಗಂಟೆ ಬುದ್ಧಿ ಹೇಳಿದೆ. "ದೇಶ ಬಿಟ್ಟು ಬಂದವರು ನಾವು, ನಮ್ಮವರ ಹೆಸರು ಕೆಡಿಸಬಾರದು" ಎನ್ನುವಾಗ ನನಗೇ ಕಣ್ಣೀರು ಬಂತು. ಕಣ್ಣೊರೆಸಿಕೊಂಡದ್ದು ಅದೇ ಹೋಟೆಲಿನ ಟಿಶ್ಯೂ ಪೇಪರಿನಿಂದ.

ನಮ್ಮ ಮನೆಯಲ್ಲಿ ಈ ಸಂಪತ್ತು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಬೆಳೆಯುತ್ತಿತ್ತು. ರಜೆಗೆ ಊರಿಗೆ ಹೋಗುವಾಗ ಬಂಧುಗಳಿಗೆ ಹಂಚಲೆಂದು ಇಟ್ಟದ್ದು. ಚಿನ್ನದ ಬಣ್ಣದ ಅಕ್ಷರಗಳಲ್ಲಿ ಹೋಟೆಲಿನ ಹೆಸರಿರುವ ಸಕ್ಕರೆ ಎಂದರೆ ನಮ್ಮ ಕಡೆ ಅದನ್ನು ತಿನ್ನುವುದಿಲ್ಲ, ಷೋಕೇಸಿನಲ್ಲಿ ಇಡುತ್ತಾರೆ.

ರಜೆಗೆ ಒಂದು ತಿಂಗಳಿರುವಾಗ ಹಮೀದ್ ಕೇಳಿದ: "ಸಾರ್, ಅಮ್ಮನಿಗೊಂದು ಸಣ್ಣ ಪಾರ್ಸೆಲ್ ಉಂಟು, ಕೊಂಡುಹೋಗ್ತೀರಾ? ನನ್ನ ತಮ್ಮ ಮೈಸೂರಿನಲ್ಲೇ ಇದ್ದಾನೆ, ಮನೆಗೆ ಬಂದು ತಗೊಳ್ತಾನೆ." ಗಲ್ಫಿನಲ್ಲಿ ಊರಿಗೆ ಹೊರಟವನು ಇದಕ್ಕೆ ಇಲ್ಲವೆನ್ನುವಂತಿಲ್ಲ. ಶುಕ್ರವಾರ ನಮಾಜು ಮುಗಿಸಿ ಅವನು ಪಾರ್ಸೆಲ್ ಹಿಡಿದು ಮನೆಗೆ ಬಂದ. ನಾನು ದೊಡ್ಡ ಆಫೀಸರಿಗೆ ತಕ್ಕ ಹಾಗೆ ಕಾಲಮೇಲೆ ಕಾಲು ಹಾಕಿ ಕುಳಿತೆ. ಒಳಗೆ ಸಕ್ಕರೆ ಮುಗಿದಿತ್ತಂತೆ. ಶುಕ್ರವಾರ ಮಧ್ಯಾಹ್ನ ಅಂಗಡಿಗಳೂ ಮುಚ್ಚಿರುತ್ತವೆ. ಸುಮ ಚಹಾದ ತಟ್ಟೆಯಲ್ಲಿ ಏಳೆಂಟು ಪೊಟ್ಟಣಗಳನ್ನು ಚೆಂದವಾಗಿ ಜೋಡಿಸಿಕೊಂಡು ಬಂದು ಹಮೀದನ ಮುಂದಿಟ್ಟಳು. ಜೊತೆಗೆ ಕೈ ಒರೆಸಲು ಅವನದೇ ಹೋಟೆಲಿನ ಒದ್ದೆ ಕಾಗದ.

ಹಮೀದ್ ಪೊಟ್ಟಣ ನೋಡಿದ. ನನ್ನನ್ನು ನೋಡಿದ. ಗೋಡೆಯ ಬಣ್ಣ ಉದುರಿದ ನಮ್ಮ ಎರಡು ಕೋಣೆಗಳನ್ನೂ ನಿಧಾನವಾಗಿ ನೋಡಿದ. ಒಂದೇ ಒಂದು ಪೊಟ್ಟಣ ಹರಿದು ಹಾಕಿಕೊಂಡು, "ಚಹಾ ಒಳ್ಳೆದಾಗಿದೆ ಅಕ್ಕಾ" ಎಂದ. ಅವನು ಹೋದ ಮೇಲೆ ನಾನು ಸುಮಳ ಮೇಲೆ ರೇಗಿದೆ. "ನೀವೇ ತಾನೆ ನಮ್ಮ ಹಕ್ಕು ಅಂದಿದ್ದು? ಹಕ್ಕನ್ನ ಯಾಕೆ ಮುಚ್ಚಿಡಬೇಕು?" ಎಂದಳು.

ಹೋದ ಮರ್ಯಾದೆಯನ್ನು ಹೇಗಾದರೂ ಮರಳಿ ತರಬೇಕಿತ್ತು. ಕೊಳ್ಳಲೆಂದು ಬಹಳ ದಿನದಿಂದ ಮಾತಾಡಿಟ್ಟಿದ್ದ ಒಂದು ಉದ್ದನೆಯ ಬಿಳಿ ಕಾರು ಅದೃಷ್ಟಕ್ಕೆ ಆ ವಾರವೇ ಕೈಗೆ ಬಂತು. ಮುಂದಿನ ಗುರುವಾರ ಅದನ್ನು ಹಮೀದನ ಕಣ್ಣಿಗೆ ಬೀಳಲೆಂದೇ ಹೋಟೆಲಿನ ಎದುರಿಗೆ ನಿಲ್ಲಿಸಿ ಸುಮಳೊಡನೆ ಒಳಗೆ ಹೋದೆ. ಎರಡೂ ಕೈಗಳನ್ನು ಮೇಜಿನ ಮೇಲೆ ಕಾಣುವಂತೆ ಇಟ್ಟುಕೊಂಡು ಕಾಫಿ ಕುಡಿದೆ, ಒಂದು ಹಲ್ಲುಕಡ್ಡಿಯನ್ನೂ ಮುಟ್ಟಲಿಲ್ಲ. ಹೊರಗೆ ಬಂದು ಕಾರಿನ ಕಡೆ ನಾಲ್ಕು ಹೆಜ್ಜೆ ಹಾಕಿದ್ದೆವೋ ಇಲ್ಲವೋ, ಹಿಂದಿನಿಂದ ಹಮೀದ್ ಓಡಿ ಬಂದ. ಕೈಯಲ್ಲಿ ಉಬ್ಬಿದ ಒಂದು ಕವರು.

"ಸಾರ್, ಇದು ನಿಮಗೆ. ಸಕ್ಕರೆ, ಹಾಲಿನ ಪುಡಿ, ಎಲ್ಲ ಉಂಟು. ಮ್ಯಾನೇಜರ ಹತ್ರ ಕೇಳಿಯೇ ತಂದದ್ದು."

"ಛೆ ಛೆ, ಬೇಡಪ್ಪ" ಎಂದೆ.

"ನಾಚಿಕೆ ಎಂತಕ್ಕೆ ಸಾರ್? ಇಲ್ಲಿ ಯಾರ ಕಷ್ಟ ಯಾರಿಗೆ ಗೊತ್ತಿಲ್ಲ? ಹೊರಗೆ ಕೋಟು, ಒಳಗೆ ಹೀಗೆ. ಮೊನ್ನೆ ನಿಮ್ಮ ಮನೆ ನೋಡಿದ ಮೇಲೆ ನನಗೆ ಊಟ ಸೇರಲಿಲ್ಲ."

ಅವನ ಕಣ್ಣುಗಳು ನಿಜವಾಗಿಯೂ ತುಂಬಿದ್ದವು. ಕಷ್ಟ ಏನೂ ಇಲ್ಲ ಎಂದರೆ ನಾನು ಕಳ್ಳ. ಕಳ್ಳನಲ್ಲ ಎಂದರೆ ನಾನು ಬಡವ. ಇಷ್ಟು ವರ್ಷ ಯೋಚಿಸಿ ಕಟ್ಟಿದ ನನ್ನ ಹಕ್ಕಿನ ವಾದ ಆ ಒಳ್ಳೆಯ ಮನುಷ್ಯನ ಮುಂದೆ ಬಾಯಿಗೇ ಬರಲಿಲ್ಲ. ತಲೆ ತಗ್ಗಿಸಿ, ಸಾಧ್ಯವಾದಷ್ಟು ಬಡವನಾಗಿ, ಕವರನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಸುಮ ಸೀರೆಯ ಜರಿಯಂಚನ್ನು ಒಳಕ್ಕೆ ಮಡಿಚಿಕೊಂಡಳು.

ಅಷ್ಟಕ್ಕೇ ಮುಗಿಯಲಿಲ್ಲ. "ಇವತ್ತು ನಿಮ್ಮ ಫ್ರೆಂಡಿನ ಕಾರು ಇಲ್ವಾ ಸಾರ್?" ಎಂದು ಹಮೀದ್ ಕೇಳಿದ. ನನ್ನ ಬಿಳಿ ಕಾರು ಅವನ ಬೆನ್ನ ಹಿಂದೆಯೇ ಫಳಫಳ ಹೊಳೆಯುತ್ತಿತ್ತು. "ಇಲ್ಲಪ್ಪ" ಎಂದೆ. ಅವನು ತಾನೇ ರಸ್ತೆಗಿಳಿದು ಟ್ಯಾಕ್ಸಿ ನಿಲ್ಲಿಸಿ, ನಮ್ಮನ್ನು ಹತ್ತಿಸಿ, ಬೇಡವೆಂದರೂ ಕೇಳದೆ ಬಾಡಿಗೆಯನ್ನೂ ಕೊಟ್ಟು ಕೈ ಬೀಸಿದ.

ಮರುದಿನ ಬೆಳಿಗ್ಗೆ ಕಾರು ತರಲು ಹೋದೆ. ಕಾಫಿ ಶಾಪಿನ ಗಾಜಿನ ಹಿಂದೆ ಹಮೀದ್ ಮೇಜು ಒರೆಸುತ್ತಿದ್ದ. ಸಕ್ಕರೆ ಎತ್ತುವಾಗ ಒಂದು ದಿನವೂ ಯಾರಿಗೂ ಹೆದರದವನು ನಾನು. ಅವನು ಆ ಕಡೆ ತಿರುಗುವವರೆಗೆ ಕಂಬದ ಮರೆಯಲ್ಲಿ ಕಾದಿದ್ದು, ಬಗ್ಗಿಕೊಂಡು ಹೋಗಿ, ಅತ್ತಿತ್ತ ನೋಡಿ, ಸದ್ದಾಗದಂತೆ ಬಾಗಿಲು ತೆಗೆದು, ನನ್ನ ಕಾರನ್ನು ನಾನೇ ಕದ್ದುಕೊಂಡು ಮನೆಗೆ ಬಂದೆ.