ಕೊನೆಯ ಬರ್ಚ್ ಮರ

ದೂರದ ಹಿಮನಾಡಿನ ಉಮೆಓ ಊರಿನ ಒಂದು ಶಾಲೆಯ ಶಿಕ್ಷಕರ ಕೋಣೆಯಲ್ಲಿ, ಕಾಫಿಯ ಪಕ್ಕದ ತಟ್ಟೆಯಲ್ಲಿ ಒಂದೇ ಒಂದು ದಾಲ್ಚಿನ್ನಿ ಬನ್ನು ಉಳಿದಿತ್ತು. ಕೊನೆಯದಕ್ಕೆ ಕೈ ಹಾಕುವಷ್ಟು ಮಾನಗೆಟ್ಟವರು ಆ ಊರಲ್ಲಿ ಇಲ್ಲವಾದ್ದರಿಂದ ಅದು ಪಾಪ, ಅಲ್ಲೇ ಒಣಗುತ್ತಿತ್ತು. ಮರಗೆಲಸದ ಮೇಷ್ಟ್ರು ಟೋರ್ಕೆಲ್ ಅದನ್ನೇ ಆಸೆಯಿಂದ ನೋಡುತ್ತಿದ್ದಾಗ ಮುಖ್ಯೋಪಾಧ್ಯಾಯಿನಿ ಗುನ್ವೋರ್ ಬಂದರು.

ಕಂಪ್ಯೂಟರ್ ಮೇಷ್ಟ್ರಿಗೆ ಜ್ವರ. ಪಾಠ ನೋಡಲು ಬಂದ ಪಾಲಕರು ಆಗಲೇ ಬಾಗಿಲಲ್ಲಿದ್ದಾರೆ. ಇಟ್ಟಿಗೆ ಜೋಡಿಸಿ ಊರು ಕಟ್ಟುವ ವಿಡಿಯೋ ಗೇಮಿನ ಪಾಠವನ್ನು ಈಗ ಟೋರ್ಕೆಲ್ ಮಾಡಬೇಕು.

"ಮಕ್ಕಳ ಕಲ್ಪನೆ ಕಾಣ್ಬೇಕು, ಇರೋದ್ರಲ್ಲೇ ಹೇಗೆ ನಿಭಾಯಿಸ್ತಾರೆ ಅನ್ನೋದೂ ಕಾಣ್ಬೇಕು," ಎಂದರು ಗುನ್ವೋರ್. "ಪಾಲಕರು ಮೆಚ್ಚಿದ್ರೆ ನಿನ್ನ ಮರಗೆಲಸದ ಕೋಣೆ ನಿನಗೇ ಇರುತ್ತೆ. ಇಲ್ಲಾಂದ್ರೆ ನನ್ನ ಕೈಲಿಲ್ಲ."

ಆ ಕೋಣೆಯೇ ಮೇಷ್ಟ್ರ ಪ್ರಾಣ. ಮಕ್ಕಳು ಕೆತ್ತಿದ ಸೊಟ್ಟ ಬೆಣ್ಣೆಚಾಕುಗಳನ್ನೆಲ್ಲ ಅವರು ಅಲ್ಲಿನ ಗೋಡೆಗೆ ನೇತುಹಾಕಿಕೊಂಡಿದ್ದರು. ದೇವರ ಮೇಲೆ ಭಾರ ಹಾಕಿ ಹೋದರು.

ಪರದೆಯ ಮೇಲೊಂದು ಹಿಮದ ದ್ವೀಪ. ಅಲ್ಲಿ ಇದ್ದಷ್ಟೇ ಮರ, ಮುಗಿದರೆ ಮುಗಿಯಿತು. ಅದರಲ್ಲೇ ಮಕ್ಕಳು ಚೆಂದದ ಊರು ಕಟ್ಟಿದ್ದರು. ಮೇಷ್ಟ್ರು ಸುಮ್ಮನೆ ನಿಂತಿದ್ದರೆ ಸಾಕಿತ್ತು. ಆದರೆ ಕರೆಯದೇ ಬಂದಿದ್ದ ವ್ಯಾಯಾಮದ ಮೇಷ್ಟ್ರು ಸ್ಟಾಫಾನ್, ಟೋರ್ಕೆಲ್ ಕಿವಿಯಲ್ಲಿ, "ನೀನೂ ಏನಾದ್ರೂ ಮಾಡಿ ತೋರ್ಸಯ್ಯಾ, ಪಾಲಕರು ನೋಡ್ತಿದ್ದಾರೆ," ಎಂದು ಊದಿದ.

ಹೊರಗೆ ಮೊಣಕಾಲುದ್ದ ಹಿಮ. ಒಲೆ ಉರಿಯದ ಮನೆ ಎಂಥ ಮನೆ ಎನಿಸಿ, ಟೋರ್ಕೆಲ್ ಪರದೆಯ ಮೇಲಿನ ಒಂದು ಮನೆಯೊಳಗೆ ಒಲೆ ಕಟ್ಟಿ ಬೆಂಕಿ ಹಚ್ಚಿದರು. ಬೆಂಕಿ ಗೋಡೆಗೆ ಹತ್ತಿತು, ಪಕ್ಕದ ಮನೆಗೆ ಹಾರಿತು, ನೋಡನೋಡುತ್ತ ಊರಿಗೆ ಊರೇ ಬೂದಿಯಾಯಿತು. ದ್ವೀಪದಲ್ಲಿ ಉಳಿದದ್ದು ಒಂದೇ ಒಂದು ಬರ್ಚ್ ಮರ. ಗುನ್ವೋರ್ ಕಣ್ಣು ಮುಚ್ಚಿಕೊಂಡರು.

"ಅದನ್ನ ಕಡಿದು ಒಂದು ಮನೆಯಾದ್ರೂ ಕಟ್ಟಿ, ಮಕ್ಕಳಾ," ಎಂದರು ಮೇಷ್ಟ್ರು, ಅಳು ನುಂಗಿಕೊಂಡು.

ಯಾರೂ ಅಲುಗಲಿಲ್ಲ. ನೀನು ತಗೋ ಎಂದಳು ಈಲ್ವಾ ಎಂಬ ಹುಡುಗಿ. ಬೇಡ, ನೀನೇ ತಗೋ ಎಂದಿತು ಪಕ್ಕದ ಮಗು. ಮಾತು ತರಗತಿಯೆಲ್ಲ ಸುತ್ತಿ ಬಂದರೂ ಮರ ನಿಂತೇ ಇತ್ತು. ಕೊನೆಗೆ ಮಕ್ಕಳು ಮಣ್ಣು ತೋಡಿದರು, ಕಲ್ಲು ಹೊತ್ತರು, ಹಿಮವನ್ನೇ ಇಟ್ಟಿಗೆ ಮಾಡಿದರು. ಆ ಮರದ ಸುತ್ತ ಮೊದಲಿಗಿಂತ ಸೊಗಸಾದ ಊರು ಎದ್ದಿತು. ಮೇಷ್ಟ್ರಿಗಾಗಿ ಒಂದು ಕಲ್ಲಿನ ಒಲೆಯನ್ನೂ ಕಟ್ಟಿದ್ದರು.

ಪಾಲಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದು ಜಾಣತನವಲ್ಲ, ಕೊನೆಯದನ್ನು ಮುಟ್ಟಲು ಬರೀ ಸಂಕೋಚ ಎಂದು ಟೋರ್ಕೆಲ್‌ಗೆ ಗೊತ್ತಿತ್ತು. ಆದರೂ ಮಕ್ಕಳ ಮೇಲೆ ಪ್ರೀತಿ ಉಕ್ಕಿ ಬಂದು, ಅವರೂ ಜೋರಾಗಿ ಚಪ್ಪಾಳೆ ತಟ್ಟಿದರು.

ಗುನ್ವೋರ್ ಬಂದು ಟೋರ್ಕೆಲ್ ಕೈ ಹಿಡಿದುಕೊಂಡರು. "ಕೋಣೆ ನಿಂದೇ, ಮಾತಿಗೆ ತಪ್ಪಲ್ಲ. ಮರ ಮುಟ್ಟದೇ ಇಷ್ಟು ಕಲಿಸ್ತೀಯ ಅಂತ ಇವತ್ತೇ ಗೊತ್ತಾಗಿದ್ದು ನೋಡು. ಇನ್ಮೇಲೆ ನಿನ್ನ ಕೋಣೆಗೆ ಮರ ತರಿಸೋದನ್ನೇ ನಿಲ್ಲಿಸ್ಬಿಟ್ಟೆ."

ಮಧ್ಯಾಹ್ನ ಮರಗೆಲಸದ ತರಗತಿಗೆ ಮಕ್ಕಳು ಓಡಿ ಬಂದರು. ಮೇಜಿನ ಮೇಲೆ ಒಂದೇ ಒಂದು ಬರ್ಚ್ ಹಲಗೆ ಉಳಿದಿತ್ತು. ಎಲ್ಲರೂ ಅದರ ಸುತ್ತ ಕೈ ಕಟ್ಟಿ ನಿಂತರು.

"ನೀನೇ ತಗೋ, ಟೋರ್ಕೆಲ್," ಎಂದಳು ಈಲ್ವಾ, ಆ ಊರಿನ ರೂಢಿಯಂತೆ ಹೆಸರು ಹಿಡಿದೇ, ಮೆಲ್ಲಗೆ.

ಮೇಷ್ಟ್ರು ಉಳಿ ಎತ್ತಿಕೊಂಡರು. ಹಲಗೆ ನೋಡಿದರು, ಮಕ್ಕಳ ಮುಖ ನೋಡಿದರು. ಅವರೂ ಆ ಊರಲ್ಲೇ ಹುಟ್ಟಿ ಬೆಳೆದವರು. ಉಳಿ ಕೆಳಗಿಟ್ಟು, ಕೈ ಕಟ್ಟಿ, ಮಕ್ಕಳ ನಡುವೆ ನಿಂತುಕೊಂಡರು.