ಶೀಲಾಳ ಎಡೆಗೆ ಇಟ್ಟ ಹಾಡು

ಮಗಳು ಬೆಳಿಗ್ಗೆ ಕಳಿಸಿದ್ದ ಹಾಡನ್ನು ಯೋಗರಾಜ್ ಆಗಲೇ ಒಂದು ಸಲ ಕೇಳಿಬಿಟ್ಟಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಅವನಿಗೆ ಪುರಸೊತ್ತೆಲ್ಲಿತ್ತು? ಕೋಳಿ ತರಬೇಕು, ಬಾಳೆಎಲೆ ತರಬೇಕು, ನೆಂಟರಿಗೆ ಕುರ್ಚಿ ಹಾಕಿಸಬೇಕು. ಹೆಂಡತಿ ಶೀಲಾ ತೀರಿಕೊಂಡು ಅವತ್ತಿಗೆ ಸರಿಯಾಗಿ ಒಂದು ವರ್ಷ.

"ಅಪ್ಪಾ, ಮಧ್ಯಾಹ್ನ ಬರ್ತೀನಿ," ಎಂದು ಸುಶ್ಮಿತಾ ಶಿವಮೊಗ್ಗದಿಂದ ಫೋನ್ ಮಾಡಿದ್ದಳು. "ಹೊಸ ಹಾಡು ಬಿಟ್ಟಿದೀನಿ. ನಾನ್ ಬರೋದ್ರೊಳಗೆ ಕೇಳಿರು. ಆಮೇಲೆ ಮಾತಾಡೋಣ."

ಸುಶ್ಮಿತಾ ಗಾಂಧಿ ಬಜಾರಿನ ಹತ್ತಿರ ರೂಮು ಮಾಡಿಕೊಂಡು ಮಕ್ಕಳಿಗೆ ಗಿಟಾರ್ ಕಲಿಸುತ್ತಿದ್ದಳು. ತಾನೇ ಹಾಡು ಕಟ್ಟಿ ತಾನೇ ಹಾಡುತ್ತಿದ್ದಳು. ತಾಯಿಯ ತಿಥಿ ಮುಗಿಸಿ ಹೋದವಳು ಭದ್ರಾವತಿಯ ಮನೆಗೆ ಮತ್ತೆ ಕಾಲಿಟ್ಟಿರಲಿಲ್ಲ. ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ, ಅದಕ್ಕೆ ಒಂದು ವರ್ಷ ಹಿಡಿದಿತ್ತು. ತನ್ನ ಮೇಲಿನ ಸಿಟ್ಟಿಗೇ ಬರುತ್ತಿಲ್ಲ ಎಂದು ಯೋಗರಾಜ್ ಒಳಗೊಳಗೇ ಕೊರಗಿದ್ದ. ಇವತ್ತು ಅವಳು ಬಂದು, ತಾಯಿಯ ಹೆಸರಿನಲ್ಲಿ ನಾಲ್ಕು ತುತ್ತು ಉಂಡು, ಎರಡು ದಿನ ಮನೆಯಲ್ಲಿ ಇದ್ದರೆ ಸಾಕಿತ್ತು. ಅವನಿಗೆ ಬೇರೇನೂ ಬೇಕಿರಲಿಲ್ಲ.

ಶೀಲಾಳ ಫೋಟೋ ಮುಂದೆ ಎಲೆ ಹಾಸಿ, ಕೋಳಿ ಸಾರು, ಕಡುಬು, ಖಾರ ಮಂಡಕ್ಕಿ, ಎಲೆಅಡಿಕೆ ಎಲ್ಲ ಇಟ್ಟದ್ದಾಯಿತು. ಪಕ್ಕದ ಮನೆಯ ನಂಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಉಸ್ತುವಾರಿಗೆ ನಿಂತಿದ್ದಳು.

"ಹೋದೋರಿಗೆ ಇಷ್ಟ ಇದ್ದಿದ್ದೆಲ್ಲ ಇಡ್ಬೇಕು ಕಣಯ್ಯ. ಶೀಲಂಗೆ ಮಗಳ ಹಾಡು ಅಂದ್ರೆ ಪ್ರಾಣ. ಅದನ್ನೂ ಇಡು."

"ಹಾಡನ್ನ ಎಲೆ ಮೇಲೆ ಹೆಂಗಕ್ಕಾ ಬಡಿಸ್ಲಿ?"

"ಫೋನಲ್ಲಿ ಹಚ್ಚಿಡು ಮಾರಾಯ. ಹೊಸದು ಬಂದಿದೆ ಅಂದ್ಯಲ್ಲ!"

ಎದುರುಮನೆಯ ಪುಟ್ಟಯ್ಯ ಅಷ್ಟಕ್ಕೇ ಬಿಡುವ ಆಸಾಮಿಯಲ್ಲ. ಓಡಿಹೋಗಿ ಗಣಪತಿ ಪೆಂಡಾಲಿನ ಸ್ಪೀಕರನ್ನೇ ಹೊತ್ತು ತಂದ. "ಫೋನಿನ ಸದ್ದು ಯಾವ ಮೂಲೆಗೆ? ಅಷ್ಟು ದೂರದಿಂದ ಬರೋ ಶೀಲಂಗೆ ಕೇಳ್ಬೇಡ್ವಾ?"

ನಡುವೆ ನಿಲ್ಲದಿರಲೆಂದು, ಮುಗಿದ ಕೂಡಲೇ ಅದೇ ಹಾಡು ಮತ್ತೆ ಬರುವಂತೆ ಒತ್ತಿ, ಬಾಗಿಲು ಮುಚ್ಚಿ, ಎಲ್ಲರೂ ಜಗಲಿಗೆ ಬಂದರು. ಇನ್ನು ಅರ್ಧ ಗಂಟೆ ಯಾರೂ ಬಾಗಿಲು ತೆಗೆಯುವಂತಿಲ್ಲ. ಹೋದವರು ಬಂದು ಉಂಡು ಹೋಗುವ ಹೊತ್ತು ಅದು.

ಮೊದಲು ಗಿಟಾರು ಮೆಲ್ಲಗೆ ಮಿಡಿಯಿತು. ಹೆಂಗಸರು ಕೈಮುಗಿದರು. ಆಮೇಲೆ ಡ್ರಮ್ಮು ಶುರುವಾಯಿತು ನೋಡಿ, ಅಡುಗೆಮನೆಯ ಸ್ಟೀಲ್ ತಟ್ಟೆಗಳೆಲ್ಲ ನಡುಗಿದವು. ಛಾವಣಿಯ ಮೇಲೆ ಎಡೆಯ ತುತ್ತಿಗೆ ಕಾದಿದ್ದ ಕಾಗೆಗಳು ಊರು ಬಿಟ್ಟವು. ಅದರ ಮೇಲೆ ಸುಶ್ಮಿತಾ ಗಂಟಲು ಹರಿಯುವ ಹಾಗೆ ಕಿರುಚಿದಳು.

"ಅಯ್ಯೋ, ಶೀಲಾನೇ ಬಂದ್ಬಿಟ್ಳು!" ಎಂದು ನಂಜಮ್ಮ ಕಂಬ ತಬ್ಬಿಕೊಂಡಳು.

ಯೋಗರಾಜ್ ಬಾಗಿಲಿಗೆ ಹಾರಿದ. ಪುಟ್ಟಯ್ಯ ವಾಚು ತೋರಿಸಿ ಅಡ್ಡ ನಿಂತ. "ತೆಗೀಬೇಡ! ಮೂರ್ ನಿಮಿಷಾನೂ ಆಗಿಲ್ಲ. ಅರ್ಧ ಊಟದಲ್ಲಿ ಎಬ್ಬಿಸ್ತೀಯಾ?"

"ಈ ಗಲಾಟೇಲಿ ಯಾರಣ್ಣ ಊಟ ಮಾಡ್ತಾರೆ?"

"ಹೆತ್ತೋಳಿಗೆ ರೂಢಿ ಇರುತ್ತೆ, ಬಿಡು."

ಮೂರನೆಯ ಸುತ್ತಿಗೆ ಮಾತುಗಳು ಕಿವಿಗೆ ಹತ್ತಿದವು. 'ಅಮ್ಮ ಕರೆದಳು, ಅಮ್ಮ ಕರೆದಳು' ಎಂದು ಎರಡು ಸಲ. ಆಮೇಲೆ ಬರೀ 'ನಾಳೆ! ನಾಳೆ! ನಾಳೆ!'

"ಯಾರಿಗೋ ಚೆನ್ನಾಗಿ ಉಗೀತಿದಾಳೆ," ಎಂದಳು ನಂಜಮ್ಮ.

ಆ 'ನಾಳೆ' ತನ್ನದೇ ಮಾತು ಎಂದು ಯೋಗರಾಜನಿಗೆ ಹೊಳೆಯಿತು. ಹೋದ ವರ್ಷ ಆ ಸಂಜೆ ಶೀಲಾ ಎದೆ ನೀವಿಕೊಳ್ಳುತ್ತ, "ಒಂಥರಾ ಆಗ್ತಿದೆ, ಆಸ್ಪತ್ರೆಗೆ ಹೋಗಿಬರೋಣ್ವಾ?" ಎಂದು ಕೇಳಿದ್ದಳು. ಅವತ್ತು ಕಾಲೊನಿಯ ಕೇರಂ ಫೈನಲ್. "ನಾಳೆ ಹೋಗೋಣ" ಎಂದು ಹೊರಟವನು ಗೆದ್ದೂ ಬಂದಿದ್ದ. ಬೆಳಿಗ್ಗೆ ಶೀಲಾ ಏಳಲಿಲ್ಲ. ಒಂದು ಸೂಚನೆಯೂ ಇರಲಿಲ್ಲ ಎಂದೇ ಎಲ್ಲರಿಗೂ ಹೇಳಿದ್ದ. ಮಗಳಿಗೆ ಹೇಗೆ ಗೊತ್ತಾಯಿತು? ಶೀಲಾ ಹೇಳಿರಬೇಕು. ಹಾಡು ನಾಲ್ಕನೇ ಸಲ, ಐದನೇ ಸಲ ತಿರುಗಿ ಬಂತು. ಊರಿನ ಮುಂದೆ ನಿಲ್ಲಿಸಿ ಯಾರೋ ತನ್ನ ಹೆಸರು ಕೂಗಿದಂತಾಗುತ್ತಿತ್ತು ಅವನಿಗೆ.

ಆ ಹೊತ್ತಿಗೆ ಸುಶ್ಮಿತಾ ಬೆನ್ನಿಗೆ ಗಿಟಾರು ಹಾಕಿಕೊಂಡು ಗೇಟು ತೆಗೆದು ಬಂದು ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟಳು. ಯೋಗರಾಜ್ ಓಡಿಹೋಗಿ ಅವಳ ಎರಡೂ ಕೈ ಹಿಡಿದು ಎಲ್ಲರೆದುರೇ ಅತ್ತುಬಿಟ್ಟ.

"ತಪ್ಪಾಯ್ತು ಕಣಮ್ಮಾ. ಎದೆ ನೋವು ಅಂದ್ಳು ನಿಮ್ಮಮ್ಮ. ಕೇರಂ ಆಡಕ್ಕೆ ಹೋದೆ ನಾನು. ನಾಳೆ ಹೋಗೋಣ ಅಂದ್ಬಿಟ್ಟೆ. ನೀನು ಬೈದಿದ್ದು ಸರಿಯಾಗೇ ಇದೆ."

ಫೈನಲ್ಲಿನಲ್ಲಿ ಅವನ ಜೊತೆ ಆಡಿದ್ದ ಪುಟ್ಟಯ್ಯ ತಲೆ ತಗ್ಗಿಸಿದ.

"ಏನ್ ಹೇಳ್ತಿದೀಯಪ್ಪಾ?" ಸುಶ್ಮಿತಾಳ ಮುಖ ಬಿಳಿಚಿಕೊಂಡಿತು. "ಆ ಹಾಡು ನನ್ನ ಮೇಲೆ ನಾನೇ ಬರ್ಕೊಂಡಿದ್ದು. ಅವತ್ತು ಅಮ್ಮ ಫೋನ್ ಮಾಡಿ 'ಒಂಚೂರು ಬಂದು ಹೋಗೇ' ಅಂದ್ಳು. ಪ್ರೋಗ್ರಾಂ ಇದೆ, ನಾಳೆ ಬರ್ತೀನಿ ಅಂದೆ. ನಿನಗೆ ಮುಖ ತೋರ್ಸೋಕಾಗ್ದೆ ವರ್ಷ ಪೂರ್ತಿ ಅಲ್ಲೇ ಇದ್ದೆ. ಇವತ್ತು ಕಾಲಿಗೆ ಬಿದ್ದು ಕ್ಷಮೆ ಕೇಳೋಣ ಅಂತ ಬಂದೆ. ಎದೆ ನೋವಿನ ವಿಷ್ಯ ನಂಗೆ ಗೊತ್ತೇ ಇರ್ಲಿಲ್ಲ."

ಯೋಗರಾಜ್ ಅವಳ ಕೈಗಳನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡ.

"ಎಷ್ಟೊತ್ತಿಗೆ ಹೇಳಿದ್ಳು ನಿಂಗೆ?"

"ಆರೂವರೆ ಇರ್ಬೇಕಮ್ಮ."

ಸುಶ್ಮಿತಾ ತಂದೆಯ ಹಿಡಿತದಿಂದ ಕೈ ಬಿಡಿಸಿಕೊಂಡಳು.

"ನಂಗೆ ಫೋನ್ ಮಾಡಿದ್ದು ಏಳು ಗಂಟೆಗೆ," ಎಂದಳು. "ನೀನು ಆಡಕ್ಕೆ ಹೋದ್ಮೇಲೆ." ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡು ಗೇಟಿನ ಕಡೆ ತಿರುಗಿದಳು.