ಕಳ್ಳಿಹಟ್ಟಿ ಸ್ಟೇಷನ್ನಿನ ಹಳೇ ಮಸಿ

ಬೊಮ್ಮಕ್ಕ ಟೀ ಅಂಗಡಿಗೆ ಸುಣ್ಣ ಬಳಿದದ್ದೇ ತಪ್ಪಾಯಿತು. ದೊಡ್ಡವರು ಬರುತ್ತಾರೆಂದರೆ ಸುಣ್ಣ ಬಳಿದು ಕೆಮ್ಮಣ್ಣಿನ ಪಟ್ಟಿ ಎಳೆಯುವುದು ಚಳ್ಳಕೆರೆ ಸೀಮೆಯ ಮರ್ಯಾದೆ. ಅವಳು ಅದನ್ನೇ ಮಾಡಿದಳು. ಬೆಳಿಗ್ಗೆ ಎದ್ದು ನೋಡಿದ ಗಂಡ ತಿಪ್ಪೇರುದ್ರಪ್ಪ ತಲೆಯ ಮೇಲೆ ಕೈ ಹೊತ್ತು ಕೂತ.

ಕಳ್ಳಿಹಟ್ಟಿ ಸ್ಟೇಷನ್ ಒಂದು ಕಾಲಕ್ಕೆ ಉಗಿಬಂಡಿಗಳು ನೀರು ಕುಡಿಯುತ್ತಿದ್ದ ಜಾಗ. ಹೊಸ ಹಳಿ ಬೇರೆ ಕಡೆ ಹೋದ ಮೇಲೆ ಅಲ್ಲಿ ಕುರಿಗಳು ಮಲಗಿದವು, ಟಿಕೆಟ್ ಕಿಟಕಿಯಲ್ಲಿ ಹುಣಸೆಹಣ್ಣು ಒಣಗಿತು. ಈಗ ಪ್ರವಾಸಿಗರ ಪಾರಂಪರಿಕ ರೈಲಿಗೆ ಅದೇ ಕೊನೆಯ ನಿಲ್ದಾಣ. ಹಳೆಯದನ್ನು ಉಳಿಸಿ ಮಿಕ್ಕಿದ್ದನ್ನು ಕೀಳಿಸಲು ರೈಲ್ವೆಯ ಮೇಡಂ ಒಬ್ಬರು ಅಂದೇ ಬರುವವರಿದ್ದರು. ಪ್ಲಾಟ್‌ಫಾರಂ ಮೇಲಿನ ಆ ಅಂಗಡಿಯೇ ತಿಪ್ಪೇರುದ್ರಪ್ಪನ ಹೊಟ್ಟೆಪಾಡು. ಅದೀಗ ಮದುಮಗನಂತೆ ಹೊಳೆಯುತ್ತಿತ್ತು.

“ಮಸಿ ಬಳೀಲೇ, ನೂರು ವರ್ಷ ಆದಂಗೆ ಕಾಣ್ತೈತೆ,” ಎಂದ ಪಕ್ಕದ ಮನೆಯ ಕಾಟಪ್ಪ. ಬುದ್ಧಿ ಹೇಳುವುದು ಬಿಟ್ಟರೆ ಅವನಿಗೆ ಬೇರೆ ಕಸುಬಿಲ್ಲ. ಇಬ್ಬರೂ ಸೇರಿ ಒಲೆಯ ಮಸಿಗೆ ಹರಳೆಣ್ಣೆ ಕಲೆಸಿ ಗೋಡೆಗೆ ತಿಕ್ಕಿದರು. ಗೋಡೆಗಿಂತ ಅವರಿಗೇ ಹೆಚ್ಚು ಮೆತ್ತಿತು. ತನ್ನ ಸುಣ್ಣಕ್ಕೆ ತಿಥಿ ಮಾಡುತ್ತಿದ್ದಾರೆಂದು ಬೊಮ್ಮಕ್ಕ ಗೊಣಗಿದಳು.

ಮೇಡಂ ಬಂದರು. ಯಾರೂ ಕೇಳದಿದ್ದರೂ ಕಾಟಪ್ಪ ಶುರುಮಾಡಿದ: ಇವರ ತಾತನ ಟೀ ಕುಡಿಯದೆ ಡ್ರೈವರು ಇಂಜಿನ್ ಕದಲಿಸುತ್ತಿರಲಿಲ್ಲವಂತೆ, ಇಂಜಿನ್ನಿನ ಹೊಗೆ, ಒಲೆಯ ಹೊಗೆ ಕೂಡಿ ಗೋಡೆ ಹೀಗಾಯಿತಂತೆ. ನಿಜ ಹೇಳಬೇಕೆಂದರೆ ತಾತ ಕುರಿ ಮೇಯಿಸಿದವನು, ಟೀಯ ಬಣ್ಣ ಕಂಡವನಲ್ಲ. ಆದರೂ ತಿಪ್ಪೇರುದ್ರಪ್ಪ ಕೋಲೆಬಸವನಂತೆ ತಲೆಯಾಡಿಸಿದ.

ಮೇಡಂ ಕಣ್ಣರಳಿಸಿದರು. “ಇದನ್ನ ಕೀಳೋ ಮಾತೇ ಇಲ್ಲ. ಉಳಿಸ್ತೀವಿ.”

ತಿಪ್ಪೇರುದ್ರಪ್ಪ ಖುಷಿಯಲ್ಲಿ ಒಲೆಯ ಮುಂದೆ ಕೂತು ಕಡ್ಡಿ ಗೀರಿದ. “ಟೀ ಕಾಯಿಸ್ತೀನಿ, ಕುಂತ್ಕಳ್ರಿ.”

ಮೇಡಂ ಓಡಿಬಂದು ಕಡ್ಡಿ ಆರಿಸಿದರು. “ಇನ್ಮೇಲೆ ಇಲ್ಲಿ ಒಲೆ ಹಚ್ಚೋ ಹಾಗಿಲ್ಲ. ಹೊಗೆ ತಾಗಿದ್ರೆ ಹಳೇ ಮಸಿ ಕೆಡುತ್ತೆ.”

ಅದು ಬೆಳಿಗ್ಗೆ ಬಳಿದ ಮಸಿ ಎನ್ನಲು ತಿಪ್ಪೇರುದ್ರಪ್ಪ ಬಾಯಿ ತೆರೆದ. ಹೇಳಿದರೆ ಅಂಗಡಿಯೇ ಹೋಗುತ್ತದೆ. ಬಾಯಿ ಮುಚ್ಚಿದ. ಅಂಗಡಿಯ ಸುತ್ತ ಹಗ್ಗ ಬಿತ್ತು. ಒಳಗಿದ್ದ ಪಾತ್ರೆ ತರಲು ಹೋದರೆ ಕಾವಲಿನವನು, ಮುಟ್ಟಬೇಡ, ದೂರದಿಂದ ನೋಡು ಎಂದ.

ಮೇಡಂಗೆ ಟೀ ಬೇಕಿತ್ತು. ಕಾಟಪ್ಪ ಮನೆಯಿಂದ ಫ್ಲಾಸ್ಕಿನಲ್ಲಿ ತಂದುಕೊಟ್ಟ. ಆ ಫ್ಲಾಸ್ಕಿಗೆ ಯಾವ ಇತಿಹಾಸವೂ ಇರಲಿಲ್ಲ. ಗೇಟಿನ ಪಕ್ಕ ಹೊಸ ಅಂಗಡಿ ಇಡುವ ಅಪ್ಪಣೆ ಅವನಿಗೇ ಸಿಕ್ಕಿತು.

ಸಂಜೆ ಕಾಟಪ್ಪ ಹಲ್ಲು ಕಿರಿದುಕೊಂಡು ಬಂದ. “ಬೊಮ್ಮಕ್ಕ, ನಿನ್ ಕೈಗುಣ ಚೆನ್ನಾಗೈತೆ. ನಮ್ಮಂಗ್ಡೀಗೂ ಒಂದೀಟು ಸುಣ್ಣ ಬಳ್ದುಕೊಡ್ತೀಯಾ?”

ಬೊಮ್ಮಕ್ಕ ಒಳಗೆ ಹೋದಳು. ಮಿಕ್ಕ ಸುಣ್ಣದ ಡಬ್ಬ ತಂದು ಗಂಡನ ಕೈಗೆ ಕೊಟ್ಟಳು. “ಮಸಿ ಬಳ್ದ ಕೈಲೇ ಅವ್ನಂಗ್ಡೀಗೆ ಸುಣ್ಣಾನೂ ಬಳಿ ಹೋಗು.”